ಪಾರಿವಾಳದ ತುತ್ತು, ಆಫೀಸಿನ ಕೂಪನ್ನು

ನೋಯ್ಡಾದ ನಮ್ಮ ಮನೆಯ ಬಾಲ್ಕನಿಯಲ್ಲಿ ಪಾರಿವಾಳಗಳ ಕಾಟ ಹೇಳತೀರದು. ಕೂಲರಿನ ಮೇಲೆ, ಬಟ್ಟೆ ಒಣಗಿಸುವ ಹಗ್ಗದ ಮೇಲೆ, ತುಳಸಿ ಕುಂಡದ ಒಳಗೂ ಕೂರುತ್ತಿದ್ದವು. ನನ್ನವರು ಬೆಳಿಗ್ಗೆ ಪೇಪರ್ ಸುರುಳಿ ಮಾಡಿಕೊಂಡು ಅವುಗಳ ಮೇಲೆ ಯುದ್ಧಕ್ಕೇ ಹೋಗುತ್ತಿದ್ದರು. ನಾನೂ ಮೊದಮೊದಲು ಓಡಿಸುತ್ತಿದ್ದೆ. ಕೆಳಗಿನ ಮನೆಯ ಮಗು ನಮ್ಮಲ್ಲಿಗೆ ಬರತೊಡಗಿದ ಮೇಲೆ ಬಿಟ್ಟೆ. ಪಾರಿವಾಳ ಇಲ್ಲದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೆಟ್ರೋ ಇನ್ನೂ ನಮ್ಮ ಕಡೆ ಬಂದಿರದ ವರ್ಷಗಳವು. ಮಗುವಿನ ಅಪ್ಪ ಗುಡಗಾಂವ್‌ನಲ್ಲಿ ಕೆಲಸ ಮಾಡುತ್ತಿದ್ದರು, ಬೆಳಗಾಗುವ ಮೊದಲೇ ಹೊರಟರೆ ಮಗು ಮಲಗಿದ ಮೇಲೆ ಮನೆಗೆ. ಅಮ್ಮ ಇಲ್ಲೇ ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಮೈಸೂರಿನ ಹುಡುಗಿ. ಲಿಫ್ಟಿನಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ, "ಅಯ್ಯೋ, ನೀವು ನಮ್ಮವರಾ!" ಎಂದು ಕೈ ಹಿಡಿದುಕೊಂಡುಬಿಟ್ಟವಳು. ಅವರ ಆಯಾ ಛಠ್ ಹಬ್ಬಕ್ಕೆಂದು ಊರಿಗೆ ಹೋದವಳು ವಾಪಸು ಬರಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಕೊರಳಲ್ಲಿ ಆಫೀಸಿನ ಕಾರ್ಡು, ಸೊಂಟದಲ್ಲಿ ಮಗು, ಒದ್ದೆ ಕೂದಲು.

"ಅಕ್ಕಾ, ಇವತ್ತೊಂದು ದಿನ. ಪ್ಲೀಸ್."

ಆ ಒಂದು ದಿನ ವರ್ಷ ದಾಟಿತು.

ನಮಗೆ ಮಕ್ಕಳಿಲ್ಲ. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಬಂದಾಗ ಮಗುವಿಗೆ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ. ಪುಟ್ಟಿ ಎಂದೇ ಕರೆಯುತ್ತಿದ್ದೆವು. ನಾನು ಅವಳಿಗೆ ದೊಡ್ಡಮ್ಮ. ಮಧ್ಯಾಹ್ನ ಬಾಲ್ಕನಿಯ ಬಿಸಿಲಿನಲ್ಲಿ ಚಾಪೆ ಹಾಸಿ, ಮೆತ್ತಗೆ ಬೇಯಿಸಿದ ಅನ್ನಕ್ಕೆ ಸಾರು, ತುಪ್ಪ ಹಾಕಿ ಕಲಸುತ್ತಿದ್ದೆ. ಬರಿಯ ಅನ್ನವೆಂದರೆ ಬಾಯಿ ಬಿಗಿದುಕೊಳ್ಳುವಳು. ಒಂದೊಂದು ತುತ್ತಿಗೂ ಒಬ್ಬೊಬ್ಬರ ಹೆಸರು ಹೇಳಬೇಕು. ಇದು ಪಾರಿವಾಳದ ತುತ್ತು. ಇದು ಗೇಟಿನ ಗಾರ್ಡ್ ಭಯ್ಯಾನ ತುತ್ತು. ಇದು ಅಮ್ಮನ ಆಫೀಸ್ ಕ್ಯಾಬ್‌ನ ತುತ್ತು. ಹೆಸರು ಕೇಳಿದ ಕೂಡಲೇ ಬಾಯಿ ತೆರೆಯುತ್ತಿತ್ತು, ಕಣ್ಣು ಮಾತ್ರ ಹಗ್ಗದ ಮೇಲಿನ ಹಕ್ಕಿಯ ಮೇಲೆ. ಕೊನೆಯ ತುತ್ತು ಯಾವಾಗಲೂ ಪಾರಿವಾಳದ್ದೇ ಆಗಬೇಕು. ತಪ್ಪಿ ಗಾರ್ಡ್ ಭಯ್ಯಾನದು ಅಂದರೆ, "ಕಬೂತರ್! ಕಬೂತರ್!" ಎಂದು ಚಾಪೆ ಬಡಿಯುವಳು. ನಮ್ಮೂರಲ್ಲಿ ಎಲ್ಲ ಮಕ್ಕಳೂ ಹೀಗೇ ಉಂಡು ಬೆಳೆದದ್ದು. ಇದರಲ್ಲಿ ಯೋಚಿಸಬೇಕಾದ್ದು ಏನಾದರೂ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಅವಳ ಅಮ್ಮ ಎಷ್ಟೋ ಸಲ ಏನಾದರೂ ಕೊಡಲು ನೋಡಿದಳು. ನಾನು ಬೈದು ಕಳಿಸುತ್ತಿದ್ದೆ. "ಎಂಥ ಮಾರಾಯ್ತಿ, ದೊಡ್ಡಮ್ಮನಿಗೆ ಸಂಬಳ ಕೊಡ್ತಾರಾ?" ಅಂದರೆ ಅವಳು ನಗುತ್ತಿದ್ದಳು. ಆದರೆ ಮೆಟ್ಟಿಲಿಳಿದು ಹೋಗುವಾಗ ಅವಳ ಹೆಗಲು ಸ್ವಲ್ಪ ಕುಗ್ಗಿರುತ್ತಿತ್ತು. ದಿನವೂ ಒಬ್ಬರಿಗೆ ಥ್ಯಾಂಕ್ಸ್ ಹೇಳುತ್ತಾ ಬದುಕುವುದು ಸುಲಭವಲ್ಲ ಎನ್ನುವುದು ಆ ಹೆಗಲು ನೋಡಿದರೆ ತಿಳಿಯುತ್ತಿತ್ತು.

ದೀಪಾವಳಿ ಕಳೆದು ಸ್ವೆಟರು ಹೊರಗೆ ತೆಗೆಯುವ ಹೊತ್ತಿನಲ್ಲಿ, ಒಂದು ಸಂಜೆ ಅವಳು ಮುಖ ಅರಳಿಸಿಕೊಂಡು ಬಂದಳು. ಕೈಯಲ್ಲಿ ಚೆಕ್ ಪುಸ್ತಕದಂಥ ಒಂದು ಪುಟ್ಟ ಪುಸ್ತಕ.

"ಅಕ್ಕಾ, ನೋಡಿ! ಮಕ್ಕಳಿರುವವರಿಗೆಲ್ಲ ಆಫೀಸಿನಲ್ಲಿ ಕೂಪನ್ ಕೊಟ್ಟಿದ್ದಾರೆ. ಮಗು ನೋಡಿಕೊಳ್ಳುವವರಿಗೆ ಕೊಡೋದಕ್ಕೆ. ಇನ್ನು ನೀವು ಬೇಡ ಅನ್ನೋ ಹಾಗಿಲ್ಲ. ಇದು ನನ್ನ ದುಡ್ಡಲ್ಲ, ಕಂಪನಿಯದು!"

ಊಟದ ಕೂಪನ್ ನನಗೆ ಗೊತ್ತಿತ್ತು. ಸೊಸೈಟಿಯ ಅರ್ಧ ಜನರ ಪರ್ಸಿನಲ್ಲಿ ಅದೇ. ಕೆಳಗಿನ ಕಿರಾಣಿ ಅಂಗಡಿಯ ಭಯ್ಯಾ ಅದಕ್ಕೆ ಬಿಸ್ಕೆಟ್ಟೂ ಕೊಡುತ್ತಿದ್ದ, ಬಟ್ಟೆ ಸೋಪೂ ಕೊಡುತ್ತಿದ್ದ. ಇದೂ ಹಾಗೇ ಇರಬೇಕು ಎಂದುಕೊಂಡು ತಿರುಗಿಸಿ ನೋಡಿದೆ. ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್. ಕಾನ್ವೆಂಟಿನಲ್ಲಿ ಓದಿದ ಅಭ್ಯಾಸ, ಅಚ್ಚಾಗಿದ್ದನ್ನು ಕೊನೆಯ ಸಾಲಿನವರೆಗೂ ಓದದೆ ಕೆಳಗಿಡಲಾರೆ. ನೋಂದಾಯಿತ ಶಿಶುಗೃಹಗಳಲ್ಲಿ ಮಾತ್ರ ಚಲಾವಣೆ. ಜೊತೆಗಿರುವ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಮನೆಗಳಿಗೆ, ಬಂಧುಗಳಿಗೆ, ಮನೆಕೆಲಸದವರಿಗೆ ಕೊಡುವಂತಿಲ್ಲ. ತಿಂಗಳ ಕೊನೆಗೆ ಉಳಿದ ಕೂಪನ್ ರದ್ದು.

ಗಟ್ಟಿಯಾಗಿ ಓದುತ್ತಾ ಹೋದ ಹಾಗೆ ಅವಳ ಮುಖ ಬಾಡಿತು. ಮರುದಿನ ಆಫೀಸಿನವರಿಗೆ ಫೋನ್ ಮಾಡಿ ನನ್ನ ಕೈಗೇ ಕೊಟ್ಟಳು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ವಿವರಿಸಿದಳು. ಸಂಬಳದಲ್ಲಿ ಒಂದು ಭಾಗವನ್ನು ಕೂಪನ್ನಾಗಿ ಕೊಡುತ್ತಾರೆ, ಆ ಭಾಗಕ್ಕೆ ತೆರಿಗೆ ಇಲ್ಲ, ಮೇಲೆ ಕಂಪನಿಯೂ ಸ್ವಲ್ಪ ಸೇರಿಸುತ್ತದೆ. ಶಿಶುಗೃಹದವರು ಕೂಪನ್ನಿನ ಹಿಂದೆ ಮೊಹರು ಹಾಕಿ ಕಳಿಸಿದರೆ ಅವರ ಖಾತೆಗೆ ಹಣ ಬರುತ್ತದೆ. ಆ ಪಟ್ಟಿಗೆ ಸೇರಬೇಕಾದರೆ ಲೈಸೆನ್ಸ್ ಬೇಕು, ನೆಲಮಹಡಿ ಬೇಕು, ಹೊರಗೆ ಬೋರ್ಡು ಬೇಕು, ಒಬ್ಬರೇ ನೋಡಿಕೊಳ್ಳುವಂತಿಲ್ಲ. ಕೊನೆಗೆ, "ಮ್ಯಾಮ್, ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ! ಟೀಚರ್ ಆಗಿದ್ರಾ?" ಎಂದು ಕೇಳಿದಳು.

"ಇಲ್ಲ, ನಾನು ಮನೆಯಲ್ಲಿರುತ್ತೇನೆ" ಅಂದೆ.

ನನ್ನವರು ಪೇಪರಿನ ಹಿಂದಿನಿಂದ, "ಬೋರ್ಡು ಹಾಕಿಯೇಬಿಡು. ಎರಡನೇ ಆಯಾ ನಾನಾಗ್ತೇನೆ. ಪಾರಿವಾಳ ಓಡಿಸಿದ ಅನುಭವ ಉಂಟು" ಅಂದರು. ಮೂವರೂ ನಕ್ಕೆವು. ಮಗುವೂ ಏನೂ ತಿಳಿಯದೆ ಚಪ್ಪಾಳೆ ತಟ್ಟಿತು.

ಆಮೇಲೆ ಪುಟ್ಟಿಯ ಅಮ್ಮ ಹೊಸ್ತಿಲ ಬಳಿ ನಿಂತು ಮೆಲ್ಲಗೆ ಹೇಳಿದಳು. "ಬಳಸಲಿ, ಬಿಡಲಿ, ಸಂಬಳದಿಂದ ಅಷ್ಟು ಹೋಗೇ ಹೋಗುತ್ತೆ ಅಕ್ಕಾ. ಬೇಡ ಅಂತ ಬರೆದುಕೊಟ್ಟರೆ ಕಂಪನಿ ಸೇರಿಸೋದು ತಪ್ಪುತ್ತೆ. ಘಾಜಿಯಾಬಾದ್ ಫ್ಲ್ಯಾಟಿನ ಕಂತು ಬೇರೆ..."

ಘಾಜಿಯಾಬಾದಿನಲ್ಲಿ ಅವರು ಮನೆ ಬುಕ್ ಮಾಡಿದ್ದರು. ಬೇಸಿಗೆಗೆ ಕೀಲಿ ಸಿಗುವುದಿತ್ತು. ಬಾಡಿಗೆ ಉಳಿಯುತ್ತದೆ ಎಂದು ಆ ದಿನಕ್ಕಾಗಿ ಕಾಯುತ್ತಿದ್ದರು. ಅಲ್ಲಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ನನ್ನ ಬಾಗಿಲಿಗೆ ಬರಲಾಗುವುದಿಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ ಅಷ್ಟೇ.

"ಕಳಿಸು ಮಾರಾಯ್ತಿ," ಅಂದೆ. "ಬೇರೆ ಮಕ್ಕಳ ಜೊತೆ ಆಡಿಕೊಂಡಿರ್ತಾಳೆ."

ಪಟ್ಟಿಯಲ್ಲಿದ್ದ ಶಿಶುಗೃಹ ಅವಳ ಆಫೀಸಿನ ಪಕ್ಕದಲ್ಲೇ. ಗೋಡೆಯ ಮೇಲೆ ಬಣ್ಣದ ಬಲೂನು, ಮಕ್ಕಳಳತೆಯ ಕುರ್ಚಿ, ನೆಲದ ಮೇಲೆ ರಬ್ಬರಿನ ಹಾಸು. ಯಾವ ಕೊರತೆಯೂ ಇರಲಿಲ್ಲ. ಪುಟ್ಟಿ ಮೊದಲು ಹೋದ ದಿನ ಬಾಲ್ಕನಿಯಿಂದ ನೋಡಿದೆ. ಕ್ಯಾಬಿನ ಕಿಟಕಿಯಲ್ಲಿ ಕೆಂಪು ಮಂಕಿಕ್ಯಾಪಿನ ಒಂದು ಚುಕ್ಕೆ, ಆಮೇಲೆ ಮಂಜು. ಮಧ್ಯಾಹ್ನ ಪಾರಿವಾಳಗಳು ತಮ್ಮ ಹೊತ್ತಿಗೆ ಸರಿಯಾಗಿ ಬಂದು ಹಗ್ಗದ ಮೇಲೆ ಕೂತವು. ಚಾಪೆ ಮಡಿಸಿಟ್ಟ ಕಡೆಯೇ ಇತ್ತು.

ವಾರ ಕಳೆಯುವುದರೊಳಗೆ ಅವಳ ಅಮ್ಮ ಅಳುತ್ತಾ ಬಂದಳು. ಶಾಲು ಹೊದ್ದುಕೊಳ್ಳುವುದನ್ನೂ ಮರೆತಿದ್ದಳು.

"ಅಕ್ಕಾ, ಅವಳು ಅಲ್ಲಿ ಊಟವೇ ಮಾಡ್ತಿಲ್ಲ. ತಟ್ಟೆ ಮುಂದೆ ಬಾಯಿ ತೆರೆದುಕೊಂಡು ಕೂತಿರ್ತಾಳಂತೆ. ಸುಮ್ಮನೆ, ಹಕ್ಕಿಮರಿ ಹಾಗೆ. ಯಾರಾದರೂ ಬಂದು ಇಡ್ತಾರೆ ಅಂತ."

ಹೇಳುತ್ತಾ ಅವಳು ತಾನೇ ಬಾಯಿ ತೆರೆದು ತೋರಿಸಿದಳು. ನನಗೆ ನೋಡಲಾಗಲಿಲ್ಲ.

ಶಿಶುಗೃಹದ ಮೇಡಂ ಕೆಟ್ಟವಳೇನಲ್ಲ. "ಇಷ್ಟು ಮಕ್ಕಳಿದ್ದಾರೆ, ಒಬ್ಬೊಬ್ಬರಿಗೂ ತಿನ್ನಿಸುತ್ತಾ ಕೂರಲು ಆಗುವುದಿಲ್ಲ. ಮನೆಯಲ್ಲಿ ಕಲಿಸಿ. ಮುಂದಿನ ತಿಂಗಳವರೆಗೂ ಹೀಗೇ ಆದರೆ ಮಗುವನ್ನು ಕರೆದುಕೊಂಡು ಹೋಗಿ" ಎಂದಿದ್ದಳಂತೆ. ನ್ಯಾಯವಾದ ಮಾತೇ. ಮಗುವಿನ ಸ್ವೆಟರು ಭುಜದಲ್ಲಿ ಸಡಿಲವಾಗಿತ್ತು.

"ಕೂಪನ್ ಹಾಳಾಗಿ ಹೋಗಲಿ," ಎಂದು ಅವಳು ಮೂಗೊರೆಸಿಕೊಂಡಳು. "ನಾಳೆಯಿಂದ ನಿಮ್ಮಲ್ಲೇ ಬಿಡ್ತೀನಿ."

ಆ ಮಾತು ಕೇಳಿ ನನ್ನೊಳಗೆ ಏನೋ ಒಂದು ಎದ್ದು ಕುಳಿತದ್ದು ನಿಜ. ಫ್ರಿಜ್ಜಿನಲ್ಲಿ ಬೆಳಗಿನ ಸಾರು ಇತ್ತು. ಅಕ್ಕಿ ಅಳೆಯಲು ಕೈ ಡಬ್ಬಿಯ ಕಡೆಗೇ ಹೋಗಿತ್ತು. ಆಗ ಘಾಜಿಯಾಬಾದಿನ ಮನೆ ನೆನಪಾಯಿತು. ಬೇಸಿಗೆಯಲ್ಲಿ ಯಾವುದೋ ಹೊಸ ಕೋಣೆಯಲ್ಲಿ, ಗುರುತಿಲ್ಲದವರ ನಡುವೆ, ಈ ಮಗು ಮತ್ತೆ ಬಾಯಿ ತೆರೆದು ಕೂರುತ್ತದೆ. ಆಗ ಮೇಲಿನ ಮಹಡಿಯಲ್ಲಿ ದೊಡ್ಡಮ್ಮ ಇರುವುದಿಲ್ಲ.

"ಬೇಡ, ಅಲ್ಲಿಗೇ ಕಳಿಸು. ಶನಿವಾರ, ಭಾನುವಾರ ಮಧ್ಯಾಹ್ನ ಮಾತ್ರ ಇಲ್ಲಿಗೆ ಕರೆದುಕೊಂಡು ಬಾ," ಅಂದೆ. "ಒಂದು ಸಣ್ಣ ಚಮಚ ತಾ. ನನ್ನ ಕೈಯಿಂದ ಉಂಡು ಆದ ಅಭ್ಯಾಸ ನನ್ನ ಎದುರೇ ಬಿಡಬೇಕು. ನೀನು ಮಾತ್ರ ಒಳಗೆ ಟಿ.ವಿ. ನೋಡುತ್ತಾ ಕೂತಿರು. ಅತ್ತರೆ ಹೊರಗೆ ಬರಬೇಡ."

ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗಿಗೆ ನನ್ನನ್ನು ಸೇರಿಸಿದಾಗ ನಾನೂ ಚಿಕ್ಕವಳು. ಮನೆಯಲ್ಲಿ ಅಜ್ಜಿಯ ಕೈತುತ್ತು. ಅಲ್ಲಿ ಉದ್ದನೆಯ ಮೇಜು, ತಣ್ಣನೆಯ ಸ್ಟೀಲ್ ತಟ್ಟೆ. ಊಟದ ಕೋಣೆಯ ಸಿಸ್ಟರ್ ನನ್ನ ಕೈಗೆ ಚಮಚ ಕೊಟ್ಟು ಎದುರಿಗೆ ನಿಂತರು. ನಾನು ಅತ್ತೆ. ಅವರು ಅಲುಗಲಿಲ್ಲ. ಬಿಳಿ ನಿಲುವಂಗಿಯ ಅಗಲವಾದ ತೋಳುಗಳೊಳಗೆ ಎರಡೂ ಕೈ ಸೇರಿಸಿಕೊಂಡು ನಿಂತೇ ಇದ್ದರು. ಎಷ್ಟು ಕಲ್ಲು ಮನಸ್ಸು ಎಂದುಕೊಂಡಿದ್ದೆ. ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಶನಿವಾರ ಚಾಪೆ ಹಾಸಿದೆ. ಅನ್ನ, ಸಾರು, ತುಪ್ಪ. ತಟ್ಟೆಯ ಮೇಲೆ ಹಳದಿ ಹಿಡಿಯ ಚಮಚ. ಪುಟ್ಟಿ ಓಡಿಬಂದು ತನ್ನ ಜಾಗದಲ್ಲಿ ಕೂತಳು. ಹಗ್ಗದ ಕಡೆ ನೋಡಿ, ಬಾಯಿ ತೆರೆದಳು.

"ಇದು ಪಾರಿವಾಳದ ತುತ್ತು," ಅಂದೆ. "ನೀನೇ ತಗೋ ಕಂದಾ."

ಅವಳು ಬಾಯಿ ಇನ್ನೂ ದೊಡ್ಡದು ಮಾಡಿದಳು, ನನಗೆ ಕಾಣಲಿಲ್ಲವೇನೋ ಅನ್ನುವ ಹಾಗೆ. ನನ್ನ ಬಲಗೈ ತಾನಾಗಿ ತಟ್ಟೆಯ ಕಡೆ ಹೊರಟಿತು. ಅದನ್ನು ಎಳೆದುಕೊಂಡು ಶಾಲಿನೊಳಗೆ ಇಟ್ಟೆ. ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಸಿಸ್ಟರ್ ತಮ್ಮ ಕೈಗಳನ್ನು ತೋಳಿನೊಳಗೆ ಯಾಕೆ ಇಟ್ಟುಕೊಂಡಿದ್ದರು ಎಂದು ಆಗ ತಿಳಿಯಿತು.

ಸ್ವಲ್ಪ ಹೊತ್ತು ಕಾದು ಅವಳು ಬಾಯಿ ಮುಚ್ಚಿದಳು. ನನ್ನ ಶಾಲನ್ನು ನೋಡಿದಳು. ಅಂಚನ್ನು ಎತ್ತಿ ಬಗ್ಗಿ ನೋಡಿದಳು.

"ದೊಡ್ಡಮ್ಮ, ಕೈ ಎಲ್ಲಿ?"

"ಕೈಗೆ ಚಳಿ ಪುಟ್ಟೀ. ಮಲಗಿದೆ."

ಅವಳು ಅತ್ತಳು. ಒಳಗೆ ಟಿ.ವಿ.ಯ ಸದ್ದು ಒಮ್ಮೆ ಜೋರಾಯಿತು. ಅವಳ ಅಮ್ಮ ತನ್ನ ಕಿವಿಗೆ ಕೇಳಿಸದಿರಲಿ ಎಂದು ಹಾಗೆ ಮಾಡಿದ್ದಳು. ಆ ದಿನ ಮಗು ಒಂದೆರಡು ಅಗುಳು ಬೆರಳಿಗೆ ಅಂಟಿಸಿಕೊಂಡು ನೆಕ್ಕಿತು, ಅಷ್ಟೇ. ಭಾನುವಾರ ಚಮಚವನ್ನು ಪಾರಿವಾಳದ ಮೇಲೆ ಎಸೆದಳು. ನಾನು ಹೋಗಿ ತೊಳೆದು ತಂದಿಟ್ಟೆ. ಮತ್ತೆ ಕೈ ಶಾಲಿನೊಳಗೆ.

ಮುಂದಿನ ವಾರ ಅವಳು ಹಸಿದು ಬಂದಿದ್ದಳೋ, ಇಲ್ಲ ಸಿಟ್ಟು ಮುಗಿದಿತ್ತೋ. ಚಮಚವನ್ನು ಮುಷ್ಟಿಯಲ್ಲಿ ಹಿಡಿದು ಅನ್ನ ಅಗೆದಳು. ಅರ್ಧ ಕೊರಳಿಗೆ, ಅರ್ಧ ಬಾಯಿಗೆ. ನಾನು ಹೆಸರು ಹೇಳುತ್ತಾ ಹೋದೆ. ನಂತರದ ವಾರಗಳಲ್ಲಿ ನೆಲಕ್ಕೆ ಬೀಳುವ ಅನ್ನ ಕಡಿಮೆಯಾಯಿತು. ಅದನ್ನು ಹೆಕ್ಕಲು ಬರುತ್ತಿದ್ದ ಪಾರಿವಾಳಗಳು ಸುಮ್ಮನೆ ಕೂತು ಹೋಗತೊಡಗಿದವು. ಒಂದು ಸೋಮವಾರ ಸಂಜೆ ಅವಳ ಅಮ್ಮ ಕ್ಯಾಬಿನಿಂದಿಳಿದು ಕೆಳಗಿನಿಂದಲೇ ಕೂಗಿದಳು, "ಅಕ್ಕಾ! ತಟ್ಟೆ ಖಾಲಿಯಂತೆ!" ಗಾರ್ಡ್ ಭಯ್ಯಾ ಏನಾಯಿತೋ ಎಂದು ಓಡಿಬಂದ.

ಹೋಳಿಯ ಹೊತ್ತಿಗೆ ಚಳಿ ಹೋಗಿತ್ತು. ಆ ಭಾನುವಾರ ಶಾಲು ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಮಡಿಲಲ್ಲಿಟ್ಟುಕೊಂಡು ಕೂತೆ. ಪುಟ್ಟಿ ಅವುಗಳ ಕಡೆ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ಚಮಚ ತುಂಬಿಸಿ, ತಾನೇ ಹೆಸರಿಡುತ್ತಿದ್ದಳು. "ಯೇ ಭಯ್ಯಾ ಕಾ. ಯೇ ಮೇಡಂ ಕಾ." ಶಿಶುಗೃಹದ ಗೆಳತಿಯರ ಹೆಸರುಗಳೂ ಬಂದವು, ನನಗೆ ಗುರುತಿಲ್ಲದ ಹೆಸರುಗಳು. ಕೊನೆಯದನ್ನು ಹಗ್ಗದ ಕಡೆ ತೋರಿಸಿ, "ಯೇ ಕಬೂತರ್ ಕಾ" ಎಂದು ಗುಳುಂ ಮಾಡಿದಳು. ತಟ್ಟೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ.

ಅವಳ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು.

"ಚಲೋ, ಆಯ್ತಲ್ಲ," ಅಂದೆ. "ಇನ್ನು ಎಲ್ಲಿ ಹೋದರೂ ಉಣ್ತಾಳೆ."

ಮಗುವಿನ ಬಾಯಿ ಒರೆಸಲು ಅವಳು ಕರೆದುಕೊಂಡು ಹೋದಳು. ನಾನು ಚಾಪೆ ಮಡಿಸಿ, ತಟ್ಟೆ ಎತ್ತಿ, ಎಂದಿನಂತೆ ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದೆ. ಬೆರಳುಗಳಲ್ಲಿ ತುಪ್ಪದ ಜಿಡ್ಡಿರಲಿಲ್ಲ, ಸಾರಿನ ಹಳದಿ ಇರಲಿಲ್ಲ. ಒಣಗಿದ ಕೈ. ಆದರೂ ಸೋಪು ಹಚ್ಚಿ, ಮೊಣಕೈವರೆಗೂ ತೊಳೆದೆ.