ಚೌಕಟ್ಟು ತಟ್ಟುತ್ತಿದ್ದ ಆಚಾರ್ರು

ಅವರ ಬಲಗಿವಿಯ ಕೂದಲಲ್ಲಿ ಸದಾ ಮರದ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ, ಮರಕ್ಕೆ ಕಿವಿಯೊತ್ತಿ, ಆಮೇಲೆ ಒಳಗೆ ಕಾಲಿಡುತ್ತಿದ್ದರು. ಗೆದ್ದಲು ಮೇಯುವ ಸದ್ದು ತಮಗೆ ಕೇಳಿಸುತ್ತದೆ ಎಂದು ಅವರ ನಂಬಿಕೆ. ಮಧುಗಿರಿಯ ನಮ್ಮ ಬೀದಿಯ ಕೊನೆಯಲ್ಲೇ ಅವರ ಮರಗೆಲಸದ ಶೆಡ್ಡು. ಎಲ್ಲರಿಗೂ ಅವರು ಆಚಾರ್ರು.

"ಗೋಡೆಗೆ ಸೌದೆ ಒರಗಿಸಬ್ಯಾಡಿ, ಬಚ್ಚಲ ನೀರು ನಿಲ್ಲಿಸಬ್ಯಾಡಿ. ಗೆದ್ದಲಿಗೆ ಎಲೆಯಡಿಕೆ ಕೊಟ್ಟು ಕರೆದಂಗಾಯ್ತದೆ" ಎಂದು ಅಪ್ಪನಿಗೆ ದಿನವೂ ಹೇಳುತ್ತಿದ್ದರು. ಅಪ್ಪ ತಲೆಯಾಡಿಸಿ, ಸೌದೆಯನ್ನು ಅದೇ ಗೋಡೆಗೆ ಒಟ್ಟುತ್ತಿದ್ದರು.

ನನ್ನನ್ನು ನೋಡಲು ಗೌಡಗೆರೆಯಿಂದ ಗಂಡಿನ ಕಡೆಯವರು ಬಂದ ದಿನ ಅಮ್ಮ ಮನೆಯನ್ನು ಒಪ್ಪ ಮಾಡಿದ್ದರು. ಮುಂಬಾಗಿಲಿಗೆ ಹೊಸ ಬಣ್ಣವೂ ಬಿದ್ದಿತ್ತು. ನಾನು ಕಾಫಿ ಕೊಟ್ಟು ನಿಂತಿದ್ದೆ. ಯಾರೂ ಕರೆಯದ ಆಚಾರ್ರು ಬಾಗಿಲಿಗೆ ಬಂದು, ತಟ್ಟಿ, ಕಿವಿಯೊತ್ತಿ, ಇಡೀ ಮನೆಗೆ ಕೇಳುವಂತೆ ಹೇಳಿದರು:

"ಅಯ್ಯಯ್ಯೋ, ಹೊರಗೆ ಥಳಥಳ, ಒಳಗೆಲ್ಲ ಟೊಳ್ಳು ಕಣಮ್ಮ!"

ಹುಡುಗನ ತಾಯಿ ಲೋಟ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನ್ ಟೊಳ್ಳು? ಹುಡ್ಗೀಗೇನಾರ ಕಾಯ್ಲೆ ಐತಾ?"

"ಹುಡುಗಿ ಅಲ್ಲ, ಚೌಕಟ್ಟು!" ಎಂದು ಅಮ್ಮ ಗಾಬರಿಯಿಂದ ಕೂಗಿದರು.

ತಮ್ಮ ಮಾತು ಸುಳ್ಳಲ್ಲವೆಂದು ತೋರಿಸಲು ಆಚಾರ್ರು ಚೌಕಟ್ಟಿಗೆ ಬೆರಳು ಚುಚ್ಚಿದರು. ಬೆರಳು ಪೂರ್ತಿ ಒಳಗೆ ಹೋಯಿತು. ನಿಂತಿದ್ದದ್ದು ಬರೀ ಬಣ್ಣ. ತೂತಿನಿಂದ ಬಿಳಿ ಹುಳುಗಳು ಬೀಗರಾಗಬೇಕಿದ್ದವರ ಚಪ್ಪಲಿಯ ಮೇಲೆ ಪೊತಪೊತ ಉದುರಿದವು. ಹುಡುಗ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ನಗು ತಡೆಯುತ್ತಿದ್ದ. ಅಷ್ಟಕ್ಕೇ ಅವನು ನನಗೆ ಇಷ್ಟವಾಗಿಬಿಟ್ಟ.

ಹುಡುಗನ ತಂದೆ ಚಪ್ಪಲಿ ಕೊಡವುತ್ತಾ, "ನಮ್ಮನೆ ಬಾಗ್ಲೂ ಇಂಗೇ ಆಗಿರ್ಬೇಕು. ಹಾಕಿದ್ರೆ ಕೂರಾಕಿಲ್ಲ. ಬಂದು ನೋಡ್ತೀರಾ ಆಚಾರ್ರೇ?" ಎಂದರು. ಮಾತು ಮುಗಿಯುವಷ್ಟರಲ್ಲಿ ಆಚಾರ್ರು ಹೋಗಿ ಅವರ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಹೂಂ ಉಹೂಂ ಏನೂ ಹೇಳದೆ ಗಂಡಿನವರು ಹೊರಟುಹೋದರು. ಅಮ್ಮ ಒಲೆಯ ಮುಂದೆ ಕೂತು ಅತ್ತರು.

ಸಂಜೆ ಆಚಾರ್ರು ಬಂದು ಜಗಲಿಯ ಮೇಲೆ ಕೂತರು. ಅಮ್ಮ ಮುಖ ತಿರುಗಿಸಿಕೊಂಡರೂ ಅವರು ವರದಿ ಒಪ್ಪಿಸಿದರು.

"ಮೂರು ಚೌಕಟ್ಟು ಹೋಗವೆ, ತೊಲೆ ಗಟ್ಟಿ ಅವೆ. ಅವ್ರೂ ಗೋಡೆಗೇ ಸೌದೆ ಒಟ್ಟವ್ರೆ. ತೆಗೀರಿ ಅಂದೆ. ಹುಡ್ಗ ಅಮ್ಮನ್ನ ಕೂಗ್ಲಿಲ್ಲ, ಆಳನ್ನ ಕೂಗ್ಲಿಲ್ಲ. ಇಸ್ತ್ರಿ ಷರ್ಟಲ್ಲೇ ಅಷ್ಟನ್ನೂ ತೆಗೆದಾಕ್ಬುಟ್ಟ. ಅವರಮ್ಮಂದು ಬಾಯಿ ಜೋರು. ಆದ್ರೆ ನಂಗೆ ಮೊದ್ಲು ಉಣ್ಣಾಕಿಕ್ಕಿ, ಆಮ್ಯಾಕೆ ಬಾಗ್ಲು ತೋರ್ಸುದ್ರು. ಮನೆಗೆ ಗೆದ್ದಲು ಹಿಡಿದೈತೆ, ಜನಕ್ಕೆ ಹಿಡಿದಿಲ್ಲ. ಹೆಣ್ಣು ಕೊಡ್ಬೋದು."

"ಅವ್ರು ಒಪ್ಪಬೇಕಲ್ಲ!" ಎಂದು ಅಮ್ಮ ಸಿಡುಕಿದರು.

"ಒಪ್ಪವ್ರೆ. ಹೇಳಾದು ಮರ್ತೆ."

ಮದುವೆಯ ನಂತರ ಪ್ರತಿವರ್ಷ ಮಳೆಗೆ ಮುಂಚೆ ಅವರು ಸಿರಾದಲ್ಲಿ ಬಸ್ಸು ಬದಲಿಸಿ ಗೌಡಗೆರೆಗೆ ಬರುತ್ತಿದ್ದರು. ಗೋಡೆಯ ಬುಡ ಅಗೆಸಿ ಔಷಧಿ ಹುಯ್ಯಿಸಿ, ಸೌದೆಯ ವಿಷಯಕ್ಕೆ ಅತ್ತೆಯೊಂದಿಗೆ ಜಗಳವಾಡುತ್ತಿದ್ದರು. ಹೊರಡುವಾಗ ನನ್ನನ್ನು ಆಚೆ ಕರೆದು, "ಚೆನ್ನಾಗಿದ್ದೀಯೇನಮ್ಮ?" ಎಂದು ಕೇಳಿ, ನಾನು ಬಾಯಿಬಿಟ್ಟು ಹೇಳುವವರೆಗೂ ನಿಲ್ಲುತ್ತಿದ್ದರು.

ಮೂರು ವರ್ಷದ ಹಿಂದೆ ಮರವನ್ನೆಲ್ಲ ತೆಗೆಸಿ ಕಲ್ಲಿನ ಚೌಕಟ್ಟು, ಕಬ್ಬಿಣದ ಬಾಗಿಲು ಇಡಿಸಿದೆವು. ಆ ವರ್ಷವೂ ಬಂದರು.

"ಮರಾನೇ ಇಲ್ವಲ್ಲ ಆಚಾರ್ರೇ, ಇನ್ನೇನ್ ನೋಡ್ತೀರಾ?" ಎಂದು ನನ್ನ ಗಂಡ ನಕ್ಕರು.

ಆಚಾರ್ರು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು, "ಬಸ್ಸಿತ್ತು, ಬಂದೆ ಕಣಪ್ಪ" ಎಂದರು. ಹೊರಡುವಾಗ ಎಂದಿನಂತೆ ನನ್ನನ್ನು ಆಚೆ ಕರೆದರು.

ಹೋದ ವರ್ಷ ಮಳೆಗೆ ಮುಂಚೆ ಅವರು ಬರಲಿಲ್ಲ, ಅವರ ಮಗನ ಫೋನು ಬಂತು. ಕಣ್ಣೊರೆಸಿಕೊಂಡು ನಾನು ಹೊರಗೆ ಬರುವಷ್ಟರಲ್ಲಿ ಅತ್ತೆ ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ, ಬೀದಿಯಲ್ಲಿ ನಿಂತಿದ್ದರು.

"ನಿನ್ನ ನಮ್ಮನೇಗೆ ತಂದುಕೊಟ್ಟೋರು ಕಣಮ್ಮ ಅವ್ರು," ಎಂದರು, "ನಡಿ, ಬಸ್ಸು ತಪ್ಪೋಯ್ತದೆ."