ರಾಡಿ ಭರಣಿಗೆ ಒಂಬತ್ತು ದಿನದ ಕತ್ತಲೆ

ತಂಗಿಯ ಭರಣಿಯನ್ನು ಕತ್ತಲೆಯಲ್ಲಿ ಇಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಷಮೆ ಕೇಳುವುದಕ್ಕೆ ಬರೆಯುತ್ತಿಲ್ಲ.

ನವನಗರದ ನಮ್ಮ ಮನೆಗೆ ಬೆಳಗಿನ ಬಿಸಿಲು ಬರುವುದು ಪಡಸಾಲೆಯ ಒಂದೇ ಕಿಟಕಿಯಿಂದ. ಧಾರವಾಡದಲ್ಲಿ ಎಂ.ಎಸ್ಸಿ. ಓದುವ ತಂಗಿ ಅಲ್ಲಿ ಉಪ್ಪಿನಕಾಯಿಯ ಎರಡು ಗಾಜಿನ ಭರಣಿ ಇಟ್ಟಿದ್ದಳು. ಎರಡರಲ್ಲೂ ಉಣಕಲ್ಲ ಕೆರೆಯ ಕರಿ ರಾಡಿ, ಹರಿದ ಪೇಪರಿನ ಚೂರು, ಹೊಲಕ್ಕೆ ಹಾಕುವ ಜಿಪ್ಸಮ್ ಪುಡಿ, ಮೇಲೆ ನೀರು. ಒಂದಕ್ಕೆ ಕರಿ ಕಾಗದ ಸುತ್ತಿದ್ದಳು, ಇನ್ನೊಂದು ಬರಿಗಾಜು. ಕೆಲವು ವಾರಗಳಲ್ಲಿ ಬರಿಗಾಜಿನ ಭರಣಿಯ ರಾಡಿಯಲ್ಲಿ ಬೆರಳಗಲದ ಹಸಿರು ಪಟ್ಟಿ ಎದ್ದಿತು. ಆದರೆ ಮೊದಲು ಎದ್ದದ್ದು ವಾಸನೆ.

"ತತ್ತಿ ಕೊಳತಂಗ ನಾರತೈತಿ," ಎಂದಳು ಅವ್ವ.

"ಈ ಮನ್ಯಾಗ ತತ್ತಿ ಕಾಲಿಟ್ಟಿಲ್ಲ. ನೀ ಯಾವಾಗ ಮೂಸಿ ನೋಡಿದಿ, ಖರೇ ಹೇಳು," ಎಂದಳು ತಂಗಿ.

ಲಿಂಗ ಕಟ್ಟಿದ ಮನೆ ನಮ್ಮದು, ಮೊಟ್ಟೆ ಮುಟ್ಟುವವರಲ್ಲ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ರೊಟ್ಟಿ ಬಡಿಯುತ್ತಿದ್ದ ನಾನು, ಆ ಹಸಿರು ಏನು ಮಾಡುತ್ತದೆ ಎಂದು ಕೇಳಿದೆ.

"ಅಕ್ಕಾ, ಗಿಡ ಬಿಸಲಾಗ ನೀರು ಒಡದು ಬದುಕತಾವ. ಅದರಿಂದನ ನಮಗ ಉಸರಾಡು ಗಾಳಿ ಸಿಗೂದು. ರಾಡ್ಯಾಗಿನ ಈ ಹಸರು ಜೀವಕ್ಕ ನೀರು ಒಡ್ಯೂದು ಬ್ಯಾಡ. ಆ ನಾತದ ಸಲ್ಫೈಡ್ ಐತೆಲ್ಲ, ಅದನ್ನ ತಗೊಂಡು ಗಂಧಕ ಮಾಡತೈತಿ. ಗಾಳಿ ಸಿಗದಿದ್ರ ಕೆಲವು ಪಾಚಿನೂ ಹಂಗ ಮಾಡತಾವ. ಆದರ ಬಿಸಲು ಬೇಕು. ಕತ್ತಲ್ಯಾಗ ಕೈ ಕಟ್ಟಿ ಕುಂದರತೈತಿ."

"ನಾತ ತಿಂತೈತಿ ಅನ್ನು."

"ಹಂಗ ಅನ್ನು. ಪುಸ್ತಕದಾಗ ಉತ್ಕರ್ಷಣ ಅಂತ ಬರದಾರ."

ಸಲ್ಫೈಡ್ ತಾಗಿದರೆ ಕಪ್ಪಾಗುವ ಬಿಳಿ ಕಾಗದದ ಪಟ್ಟಿಗಳು ಅವಳ ಬಳಿ ಇದ್ದವು. ಭರಣಿಯ ಬಾಯಿಗೆ ಹಿಡಿದು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಕರಿ ಕಾಗದದ ಭರಣಿಗೆ ಹಿಡಿದದ್ದು ಕಪ್ಪಾಗುತ್ತಿತ್ತು. ಬರಿಗಾಜಿನದಕ್ಕೆ ಹಿಡಿದದ್ದು ವಾರದಿಂದ ವಾರಕ್ಕೆ ಬಿಳಿಯಾಗುತ್ತ ಬಂದಿತ್ತು.

ಶ್ರಾವಣದ ಮೊದಲ ಸೋಮವಾರ ಅಯ್ಯನವರು ಪಾದಪೂಜೆಗೆ ಬರುವವರಿದ್ದರು. ತಂಗಿ ಕಾಲೇಜಿನವರೊಡನೆ ಹತ್ತು ದಿನ ಕಾರವಾರಕ್ಕೆ ಹೋಗಿದ್ದಳು. ಆ ಸೋಮವಾರ ಬೆಳಿಗ್ಗೆ ಎರಡೂ ಭರಣಿಗಳನ್ನು ಜೋಳದ ಚೀಲಗಳ ಕತ್ತಲೆ ಕೋಣೆಗೆ ಒಯ್ದಿಟ್ಟೆ. ಅಯ್ಯನವರಿಗೆ ನಾತ ಬಡಿಯಬಾರದೆಂದು, ಒಂದೇ ದಿನಕ್ಕೆ. ಮರುದಿನ ತರಲಿಲ್ಲ. ಅದರ ಮರುದಿನವೂ ತರಲಿಲ್ಲ. ಮರೆತದ್ದಲ್ಲ. ತಂಗಿ ಕೈಗೂಸಾಗಿದ್ದಾಗ ಅವ್ವ ಹಾಸಿಗೆ ಹಿಡಿದಳು. ಏಳನೆಯ ಇಯತ್ತೆ ಮುಗಿಸಿದ್ದ ನನ್ನನ್ನು ಸಾಲೆ ಬಿಡಿಸಿ, ಕೂಸನ್ನು ನನ್ನ ಸೊಂಟಕ್ಕೆ ಕೊಟ್ಟರು. ನನ್ನ ಪುಸ್ತಕಕ್ಕೆ ಸಿಗದ ಕಿಟಕಿ ಕೆರೆಯ ರಾಡಿಗೆ ಸಿಕ್ಕಿತಲ್ಲ! ಬರಿದಾದ ಆ ಕಿಟಕಿಯಲ್ಲಿ ಕೂತು ಒಂಬತ್ತು ದಿನ ಚಹಾ ಕುಡಿದೆ. ಚಹಾ ರುಚಿಯಾಗಿತ್ತು, ಅದನ್ನೂ ಹೇಳಬೇಕು.

ಅವಳು ಬರುವ ಹಿಂದಿನ ದಿನ ಭರಣಿಗಳ ಧೂಳು ಒರೆಸಿ ಮೊದಲಿನಂತೆಯೇ ಇಟ್ಟೆ. ತಂಗಿ ಬಂದವಳೇ ಪಟ್ಟಿ ಹಿಡಿದಳು. ಎರಡೂ ಕಪ್ಪಾದವು. ಬೆಳಕಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂದಾಯಿತು. ಅವಳಿಗೆ ಕಲಿಸುವ ಸರ್, ಮೊದಲು ಪಟ್ಟಿ ಬಿಳಿಯಾಗಿ ಕಂಡದ್ದು ನಿನ್ನ ಆಸೆ, ಬೇರೆ ವಿಷಯ ಹಿಡಿ, ಎಂದರಂತೆ. ನಾಲ್ಕು ದಿನ ಅವಳು ನೋಟ್‌ಬುಕ್ ತಿರುವುತ್ತ ತನ್ನ ಕಣ್ಣನ್ನೇ ಬೈದುಕೊಂಡಳು. ನಾಲ್ಕು ದಿನವೂ ನಾನು ಅವಳಿಗೆ ಬಿಸಿ ರೊಟ್ಟಿ ಬಡಿಸಿದೆ, ಬಾಯಿ ಬಿಡಲಿಲ್ಲ. "ಸುಮ್ನಿರು, ಅಕಿಗೇನ ಗೊತ್ತಾಗತೈತಿ," ಎಂದಿದ್ದಳು ಅವ್ವ.

ಐದನೆಯ ದಿನ ಹಿತ್ತಲ ಗಟಾರಿಗೆ ಬಗ್ಗಿದ್ದಳು ತಂಗಿ. ಕರಿ ಕಾಗದದ ಭರಣಿ ಆಗಲೇ ಖಾಲಿಯಾಗಿತ್ತು. ಇನ್ನೊಂದನ್ನು ಎತ್ತಿದಾಗ ಹಿಟ್ಟಿನ ಕೈಯಲ್ಲೇ ಅವಳ ಮಣಿಕಟ್ಟು ಹಿಡಿದೆ.

"ಚೆಲ್ಲಬ್ಯಾಡ. ನಿನ್ನ ಕಣ್ಣು ಛಲೋ ಅದಾವ. ನಾನ ಕತ್ತಲ್ಯಾಗ ಇಟ್ಟಿದ್ದೆ."

ಬೈಯುತ್ತಾಳೆ ಎಂದುಕೊಂಡೆ.

"ಎಷ್ಟ ದಿನ?"

"ಒಂಬತ್ತು."

"ಖರೇ ಒಂಬತ್ತೋ, ಅಂದಾಜೋ?"

"ದಿನಾ ಕಿಟಕ್ಯಾಗ ಕುಂತೀನಲ್ಲ, ಖರೇ ಒಂಬತ್ತು."

"ಅಯ್ಯಾರು ಬರೂದಿತ್ತಂತ ಇಟ್ಟಿ?"

"ಒಂದ ದಿನ ಅದಕ್ಕ. ಎಂಟ ದಿನ ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ."

ಅವಳು ಭರಣಿಯನ್ನು ಎದೆಗೆ ಅವಚಿಕೊಂಡು ಒಳಗೆ ಹೋದಳು. ಅಂದು ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ.

ಮರುದಿನ ಅವಳ ಹಿಂದೆಯೇ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ಆ ಸರ್ ಎದುರು ನಿಂತು, ತಪ್ಪು ಇವಳದಲ್ಲ, ಕತ್ತಲೆಯಲ್ಲಿ ಇಟ್ಟವಳು ನಾನು, ಎಂದೆ. ಅವರು ನಕ್ಕರು.

"ನೀವು ಎಷ್ಟ ಓದೀರಿ?"

"ಏಳನೇ ಇಯತ್ತೆರಿ ಸರ. ಕತ್ತಲಿ ಯಾವದು, ಬೆಳಕು ಯಾವದು ಅಂತ ತಿಳ್ಯಾಕ ಅಷ್ಟ ಸಾಕ್ರಿ."

ಅವರು ನಗುವುದನ್ನು ನಿಲ್ಲಿಸಿ ತಂಗಿಯ ನೋಟ್‌ಬುಕ್ ಕೇಳಿ ತೆಗೆದುಕೊಂಡರು. ಹಸಿರು ಮತ್ತೆ ಎದ್ದು ಪಟ್ಟಿ ಬಿಳಿಯಾದರೆ ವಿಷಯ ಉಳಿಯುತ್ತದೆ, ಇಲ್ಲವಾದರೆ ಇಲ್ಲ, ಎಂದರು. ಬಸ್ಸಿನಲ್ಲಿ ತಂಗಿ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟಳು. ನಾನೇ ಬರೆದೆ: ಒಂಬತ್ತು ದಿನ ಕತ್ತಲೆ. ಇಟ್ಟವಳು ಅಕ್ಕ. ಮನೆಯಲ್ಲಿ ಅವ್ವ ಆ ಹಾಳೆ ಹರಿ ಎಂದಳು. ನೆಂಟರು ನೋಡಿದರೆ ಮರ್ಯಾದೆ ಏನಾಗಬೇಕಂತೆ. ನಾನು ಹರಿಯಲಿಲ್ಲ. ಕಲಿಯದೆ ಉಳಿದದ್ದಕ್ಕೆ ನಾನು ನಾಚುವುದಿಲ್ಲ. ಆ ನಾಲ್ಕು ದಿನದ ರೊಟ್ಟಿಗೆ ನಾಚುತ್ತೇನೆ.

ಶ್ರಾವಣದ ಕಡೆಯ ಸೋಮವಾರ ಅಯ್ಯನವರು ಮತ್ತೆ ಬಂದರು.

"ಇದೊಂದ ದಿನ ಒಳಗಿಡವಾ," ಎಂದಳು ಅವ್ವ.

"ಒಂದ ತಾಸೂ ಇಡಾಂಗಿಲ್ಲ," ಎಂದೆ.

ಕಿಟಕಿಗೆ ಅಡ್ಡ ನಿಂತರೆ ಬಿಸಿಲಿಗೆ ತಡೆಯಾದೀತೆಂದು ಪಕ್ಕಕ್ಕೆ ನಿಂತೆ. ಅಯ್ಯನವರು ಮೂಗು ಅರಳಿಸಿದರು.

"ಏನ ನಾತವ್ವಾ ಇದು?"

"ಭರಣ್ಯಾಗ ಕೆಲಸ ನಡದೈತ್ರಿ ಅಯ್ಯಾರ. ಮುಗಿಯುತನಾ ನಾರತೈತ್ರಿ."

ಅವರು ಹೋದ ಮೇಲೆ ತಂಗಿ ಪಟ್ಟಿ ಹಿಡಿದಳು. ಅದು ಬಿಳಿಯಾಗಿ ಉಳಿಯಲಿಲ್ಲ, ಕಪ್ಪೂ ಆಗಲಿಲ್ಲ. ಬೂದಿಯ ಬಣ್ಣಕ್ಕೆ ನಿಂತಿತು. ಅವಳು ಇನ್ನೂ ನನ್ನೊಡನೆ ನೆಟ್ಟಗೆ ಮಾತಾಡುವುದಿಲ್ಲ. ಪೆನ್ನನ್ನು ಮಾತ್ರ ನನ್ನ ಕಡೆ ಚಾಚಿದಳು. ಕಂಡಷ್ಟನ್ನೇ ಬರೆದೆ.