ಒಂದು ಫೋಟೋಗಾಗಿ ಬಿಚ್ಚಿದ ಹಗ್ಗ

ಸ್ನೇಹಿತರೇ, ನಮ್ಮ ನಾಯಿ ಟಾಮಿ ಸಿಕ್ಕಿದ. 

ಬೆಳಿಗ್ಗೆ ಗಲ್ಫಿನಲ್ಲಿ ನಾವಿರುವ ಅಲ್ ರಯ್ಯಾನಿನಿಂದ ಮನೆಮಂದಿಯೆಲ್ಲ ಸಮುದ್ರದಂಚಿನ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿಗೆ ನಡೆದಾಡಲು ಹೋಗಿದ್ದೆವು. ನಾಯಿಗೆ ಹಗ್ಗ ಕಡ್ಡಾಯ ಎಂಬ ಫಲಕ ಅಲ್ಲಿ ಎದುರಿಗೇ ಇದೆ. ಓದಿಯೂ ಮಗ ಹಗ್ಗ ಬಿಚ್ಚಿದ.

"ಯಾರೂ ಇಲ್ವಲ್ಲ ಅಮ್ಮಾ, ಒಂದು ಫೋಟೋ ಅಷ್ಟೆ."

ಟಾಮಿ ಹಕ್ಕಿಗಳ ಹಿಂದೆ ಓಡಿ ಗಿಡಗಳೊಳಗೆ ಮಾಯವಾದ. ಉಬ್ಬರದ ನೀರು ಏರುತ್ತಿತ್ತು. ಮೊಮ್ಮಗಳು "ಟಾಮಿ, ಕಮ್ ಹಿಯರ್" ಎಂದು ಕೂಗಿ ಕೂಗಿ ಅಳತೊಡಗಿದಳು. ಅಲ್ಲಿನ ಕಾವಲುಗಾರನೂ ಓಡಿಬಂದು ಅರಬ್ಬಿ ಬೆರೆಸಿ ಅವಸರಪಡಿಸಿದ. "ಯಲ್ಲಾ, ಬೇಗ ಕರೀರಿ. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲೆಲ್ಲ ನೀರು."

ಬೇರೆ ದಾರಿಯಿರಲಿಲ್ಲ. ಬುತ್ತಿ ಡಬ್ಬಿಯ ಸ್ಟೀಲ್ ಮುಚ್ಚಳವನ್ನು ಚಮಚದಿಂದ ಮೂರು ಸಲ ಬಡಿದು, "ಬಲ ಮಗಾ, ಬಲ" ಎಂದು ತುಳುವಿನಲ್ಲಿ 'ಬಾ' ಅಂತ ಕರೆದೆ. ಮೈತುಂಬ ಕೆಸರು ಮೆತ್ತಿಕೊಂಡ ಟಾಮಿ ನೇರ ನನ್ನ ಸೀರೆಯ ಮೇಲೇ ಬಂದು ಬಿದ್ದ.

ಕಾವಲುಗಾರ ಮಗನಿಗೆ ನಾಲ್ಕು ಮಾತು ಬೈದು ಬಿಟ್ಟ. ಸೊಸೆ ನನ್ನನ್ನು ಬಿಡಲಿಲ್ಲ. "ಅತ್ತೆ, ಟಾಮಿಗೆ ಅಡುಗೆಮನೆಯಲ್ಲಿ ತಿನ್ನೋಕೆ ಏನೂ ಹಾಕಬಾರದು ಅಂತ ಹೇಳೋದು ನೀವೇ ಅಲ್ವಾ? ಮುಚ್ಚಳದ ಶಬ್ದ ಅವನಿಗೆ ಹೇಗೆ ಗೊತ್ತು?"

"ಮೊದಲು ಹಗ್ಗ ಕಟ್ಟು," ಎಂದೆ ಮಗನಿಗೆ.

ಮನೆಯ ನಿಯಮ ಮಾಡಿದವಳಿಗೆ ಅಷ್ಟಾದರೂ ರಿಯಾಯಿತಿ ಬೇಡವೇ?